ಬೊಮ್ಮಕ್ಕನ ಎಮ್ಮೆಗರುವಿಗೆ ಆನ್‌ಲೈನ್ ನಾಮಕರಣ

ನನಗೆ ದನಕರುಗಳ ಜೊತೆ ಮಾತಾಡಲು ಬರುತ್ತದೆ, ಜನರ ಜೊತೆ ಅಷ್ಟಾಗಿ ಬರುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಜಗಳೂರು ತಾಲ್ಲೂಕಿನ ಹಳ್ಳಿಗಳಲ್ಲಿ ಪಶು ಪರೀಕ್ಷಕಿಯಾಗಿ ಸ್ಕೂಟಿ ಮೇಲೆ ತಿರುಗುತ್ತಿದ್ದೇನೆ. ಊರವರು ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ನಾನು ಡಾಕ್ಟರಲ್ಲ, ಡಾಕ್ಟರು ಬೇರೆ ಇದ್ದಾರೆ ಎಂದು ಮೊದಮೊದಲು ತಿದ್ದುತ್ತಿದ್ದೆ. ಎಮ್ಮೆಗಳೇ ಆ ವ್ಯತ್ಯಾಸವನ್ನು ಮನಸ್ಸಿಗೆ ಹಚ್ಚಿಕೊಳ್ಳದಿರುವಾಗ ನನಗೇಕೆ ಎಂದು ಈಗ ಬಿಟ್ಟಿದ್ದೇನೆ. ಹಾಯಲು ಬರುವ ಹೋರಿಯ ಮುಂದೆ ಬೇಕಾದರೆ ನಿಲ್ಲುತ್ತೇನೆ. ಆದರೆ ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು "ಮತ್ತೆ, ಏನ್ ಸಮಾಚಾರ?" ಎಂದರೆ ಸಾಕು, ಅನ್ನದ ಗುಡ್ಡೆಯಲ್ಲಿ ಗುಳಿ ತೋಡುತ್ತ ಕೂತುಬಿಡುತ್ತೇನೆ. ಇಂಥವಳಿಗೆ ಆನ್‌ಲೈನಿನಲ್ಲಿ ಪ್ರೇಕ್ಷಕರನ್ನು ಗಳಿಸುವ ಕೆಲಸ ಬಂತು.

ಒಂದು ಮೀಟಿಂಗಿನಲ್ಲಿ ನಮ್ಮ ಸಾಹೇಬರು, "ಇನ್ಮೇಲೆ ಎಲ್ಲಾ ಸೋಶಿಯಲ್ ಮೀಡಿಯಾ. ಒಬ್ಬೊಬ್ಬರೂ ಒಂದೊಂದು ಪೇಜ್ ಮಾಡ್ರಿ, ರೈತರನ್ನ ಸೇರಿಸ್ರಿ, ಎಷ್ಟು ಫಾಲೋವರ್ಸ್ ಅಂತ ತಿಂಗಳು ತಿಂಗಳು ನನಗೆ ತಿಳಿಸ್ರಿ" ಎಂದರು. ನಾನೂ ಮಾಡಿದೆ. ಮೊದಲ ತಿಂಗಳು ನನ್ನ ಪೇಜಿಗೆ ಹದಿನಾಲ್ಕು ಜನ. ಅದರಲ್ಲಿ ಹನ್ನೆರಡು ಜನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ನನ್ನಂಥ ನೌಕರರೇ. ಹೊಲದ ಕೆಲಸದಲ್ಲಿ ಮುಯ್ಯಾಳು ಇರುವ ಹಾಗೆ ನಮ್ಮಲ್ಲಿ ಮುಯ್ಯಿ ಲೈಕು ಇತ್ತು: ಅವರ ಕುರಿ ಲಸಿಕೆಗೆ ನಾನು, ನನ್ನ ಜಂತುಹುಳದ ಔಷಧಿಗೆ ಅವರು. ಹದಿಮೂರನೆಯವಳು ನನ್ನ ಮಗಳು ಚೈತ್ರ. ಹದಿನಾಲ್ಕನೆಯವರು ಯಾರೆಂದು ಗೊತ್ತಾಗಲಿಲ್ಲ. "ತಾವು ಯಾರು?" ಎಂದು ಕೇಳಿದ ಮರುದಿನವೇ ಅವರು ಬಿಟ್ಟುಹೋದರು.

ದಾವಣಗೆರೆಯಲ್ಲಿ ಓದುವ ಚೈತ್ರ ಭಾನುವಾರ ಮನೆಗೆ ಬಂದವಳು ನನ್ನ ಪೇಜನ್ನೆಲ್ಲ ಒಮ್ಮೆ ನೋಡಿ, ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. "ಅಮ್ಮಾ, ಬರೀ ಸಿರಿಂಜಿನ ಫೋಟೊ ಹಾಕಿದ್ರೆ ಯಾರು ಬರ್ತಾರೆ? ನೋಡಿದ್ರೇ ಭಯ ಆಗುತ್ತೆ" ಎಂದಳು. ಆಮೇಲೆ ಪಾಠ ಶುರುವಾಯಿತು. ಮೊದಲ ಮೂರು ಸೆಕೆಂಡಿನಲ್ಲಿ ಜನರನ್ನು ಹಿಡಿಯಬೇಕು. ವಿಡಿಯೊ ಚಿಕ್ಕದಿರಬೇಕು. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಬೇಕು. ಮತ ಹಾಕಿಸಬೇಕು, ಅದಕ್ಕೆ ಪೋಲ್ ಎನ್ನುತ್ತಾರೆ. ನಾನು ಇದನ್ನೆಲ್ಲ ಹೆರಿಗೆ ರಿಜಿಸ್ಟರಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ. ಅವಳು ಹುಟ್ಟಿದಾಗ ಬಾಣಂತನದ ಬಗ್ಗೆ ನನ್ನ ತಾಯಿ ಹೇಳಿದ್ದನ್ನೂ ನಾನು ಇಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.

ಅದಾಗಿ ನಾಲ್ಕನೇ ದಿನ ಬೆಳಿಗ್ಗೆ ಸೊಕ್ಕೆ ಕಡೆಯ ಹಳ್ಳಿಯೊಂದರಿಂದ ರತ್ನ ಎಂಬ ಹೆಣ್ಣುಮಗಳು ಫೋನ್ ಮಾಡಿದಳು. ಅವಳ ಅತ್ತೆ ಬೊಮ್ಮಕ್ಕನ ಎಮ್ಮೆ ಸೂರ್ಯ ಹುಟ್ಟುವ ಮೊದಲಿನಿಂದ ತಿಣುಕುತ್ತಿದೆ, ಕರು ಬರುತ್ತಿಲ್ಲ. ಹೋಗಿ ಕೈ ಹಾಕಿ ನೋಡಿದರೆ ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಡಾಕ್ಟರು ಇನ್ನೊಂದು ಊರಿನಲ್ಲಿದ್ದರು. ಅವರು ಫೋನಿನಲ್ಲಿ ಹೇಳುತ್ತ ಹೋದರು, ನಾನು ಮಾಡುತ್ತ ಹೋದೆ. ಕರುವನ್ನು ಒಳಕ್ಕೆ ತಳ್ಳಿ, ಕಾಲು ಹುಡುಕಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ನೇರ ಮಾಡುವಷ್ಟರಲ್ಲಿ ನನ್ನ ತೋಳು ನನ್ನದಾಗಿ ಉಳಿದಿರಲಿಲ್ಲ. ಬೊಮ್ಮಕ್ಕ ಎಮ್ಮೆಯ ಕೊರಳು ತಬ್ಬಿಕೊಂಡು, "ಆಯ್ತವ್ವಾ, ಆಯ್ತು, ಇನ್ನೊಂದು ಚೂರು" ಎನ್ನುತ್ತಲೇ ಇದ್ದಳು. ಎಮ್ಮೆಗೆ ಹೇಳುತ್ತಿದ್ದಳೋ ನನಗೋ ತಿಳಿಯಲಿಲ್ಲ, ಇಬ್ಬರಿಗೂ ಬೇಕಾಗಿತ್ತು. ಕೊನೆಗೆ ಕರು ಬಂತು. ಉಸಿರಿರಲಿಲ್ಲ. ಮೂಗಿನ ಲೋಳೆ ತೆಗೆದೆ, ಗೋಣಿಚೀಲದಿಂದ ಎದೆ ತಿಕ್ಕಿದೆ, ಹುಲ್ಲಿನ ಕಡ್ಡಿ ಮೂಗಿನೊಳಗೆ ಆಡಿಸಿದೆ.  ಆಮೇಲೆ ಕರು ಒಂದು ಸೀನು ಸೀನಿತು, ನನ್ನ ಮುಖದ ತುಂಬ. ನಾನು ನಕ್ಕೆನೋ ಅತ್ತೆನೋ, ಎರಡೂ ಕಣ್ಣಿನಿಂದ ನೀರು ಬಂತು. ಇದನ್ನೆಲ್ಲ ರತ್ನ ತನ್ನ ಫೋನಿನಲ್ಲಿ ಹಿಡಿದಿದ್ದಳು.

ಆ ಸೀನಿನ ಇಪ್ಪತ್ತು ಸೆಕೆಂಡನ್ನು ಅವರ ಒಪ್ಪಿಗೆ ಕೇಳಿ ಪೇಜಿಗೆ ಹಾಕಿದೆ. ಚೈತ್ರ ಹೇಳಿದಂತೆ ಕೊನೆಯಲ್ಲಿ ಪೋಲ್ ಇಟ್ಟೆ: ಈ ಪುಟ್ಟಿಗೆ ಏನು ಹೆಸರಿಡೋಣ? ಗೌರಿ, ಚಿನ್ನು, ಕರಿಮಣಿ, ಚಾಕ್ಲೇಟ್. ಅದರ ಬಗ್ಗೆ ಮಾತ್ರ ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಎರಡು ದಿನದಲ್ಲಿ ನನ್ನ ಪೇಜು ಜಾತ್ರೆಯಂತಾಯಿತು. ಗಳಿಗೆಗೊಮ್ಮೆ ಫೋನ್ ತೆಗೆದು ನೋಡುವ ಚಟ ಹತ್ತಿತು. ಸಾರು ಉಕ್ಕಿತು, ಸ್ಕೂಟಿಯ ಸ್ಟ್ಯಾಂಡ್ ತೆಗೆಯದೆ ಹೊರಟೆ, ಒಂದು ಕುರಿಗೆ ಹಾಕಿದ ಲಸಿಕೆಯನ್ನು ಇನ್ನೊಂದರ ಹೆಸರಿನಲ್ಲಿ ಬರೆದೆ. ಭಾರೀ ಬಹುಮತದಿಂದ ಚಾಕ್ಲೇಟ್ ಗೆದ್ದಿತು.

ಮೂರನೇ ದಿನ ಕರು ನೋಡುವ ನೆಪದಲ್ಲಿ ಫಲಿತಾಂಶ ಪ್ರಕಟಿಸಲು ಹೋದೆ. ಬೊಮ್ಮಕ್ಕ ಗಿಣ್ಣದ ತಟ್ಟೆ ಕೈಗಿಟ್ಟಳು. ತಿನ್ನುತ್ತ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅವರ್ಯಾರು?" ಎಂದಳು.

"ಜನ, ಬೊಮ್ಮಕ್ಕ. ಎಲ್ಲಾ ಕಡೆಯವರು."

"ನಮ್ಮ ಕರುವಿಗೆ ಹೆಸರಿಡಾಕೆ ಅವರ್ಯಾರ್ರೀ? ಅದು ಹುಟ್ಟೋವಾಗ ಅವರು ಬಂದಿದ್ರಾ? ಈ ಎಮ್ಮೆಗೆ ಸಿದ್ದವ್ವ ಅಂತ ಯಾಕೆ ಕರೀತೀವಿ ಗೊತ್ತೇನು? ಇದು ಹುಟ್ಟೋವಾಗ ಪಕ್ಕದ ಮನೆ ಸಿದ್ದವ್ವ ಬಂದು ಕೈ ಹಿಡಿದಿದ್ಲು. ಯಾರು ಕೈ ಹಿಡಿತಾರೋ ಅವರ ಹೆಸರೇ ನಮ್ಮನ್ಯಾಗೆ. ಈ ಕರುವಿಗೂ ಅವತ್ತೇ ಇಟ್ಟಾತು."

"ಏನಂತ?" ಎಂದೆ. ರತ್ನ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು.

"ಇನ್ನೇನಂತ? ವಿಮಲಾ" ಎಂದಳು ಬೊಮ್ಮಕ್ಕ. "ಕರೆಯಾಕೆ ವಿಮ್ಲಿ."

ವಿಮಲಾ ನನ್ನ ಹೆಸರು.  ನಿವೃತ್ತಿಯಾಗುವಾಗ ಒಂದು ಶಾಲು, ಒಂದು ಹಾರ ಸಿಗಬಹುದೆಂದು ಅಂದಾಜಿತ್ತೇ ಹೊರತು ಇಂಥ ಮರ್ಯಾದೆಯನ್ನು ನಾನು ಎಣಿಸಿರಲಿಲ್ಲ. ಬೊಮ್ಮಕ್ಕ ಇದೇನೂ ದೊಡ್ಡ ವಿಷಯವಲ್ಲ ಎಂಬಂತೆ, "ಎಷ್ಟು ಜನ ನೋಡ್ಯಾರೆ ಅಂದ್ರಿ?" ಎಂದಳು. ಸಾವಿರ ದಾಟಿದ್ದಾರೆ ಎಂದೆ. ಅವಳಿಗೆ ಗಾಬರಿಯಾಯಿತು. "ಅಷ್ಟು ಜನಕ್ಕೆ ಗಿಣ್ಣ ಎಲ್ಲಿಂದ ತರಾಣ್ರೀ?" ಎಂದು ಎಮ್ಮೆಯ ಕಡೆ ನೋಡಿದಳು. ಎಮ್ಮೆಗೂ ಗಾಬರಿಯಾದಂತೆ ಕಂಡಿತು. ಗಿಣ್ಣ ಕೊಡಬೇಕಿಲ್ಲ, ಅವರು ಬರೀ ನೋಡಿದ್ದಾರೆ, ಕೆಲವರು ನಾಲ್ಕು ಮಾತು ಬರೆದಿದ್ದಾರೆ ಎಂದು ಸಮಾಧಾನ ಮಾಡಿದೆ.

"ಏನಂತ ಬರದಾರೆ? ಓದ್ರಿ."

ಓದತೊಡಗಿದೆ. ಚೆನ್ನಾಗಿದೆ ಎಂದವರಿದ್ದರು, ಬರೀ ಹೂವಿನ ಚಿತ್ರ ಹಾಕಿದವರಿದ್ದರು. ಉಬ್ರಾಣಿಯ ಒಬ್ಬರು ಕರು ಹಾಲು ಕುಡಿಯಿತಾ ಎಂದು ಕೇಳಿದ್ದರು. ಗೋವಿನಕೋವಿಯ ಶಾಂತಮ್ಮ ಎಂಬವರು, ನಮ್ಮ ಎಮ್ಮೆಗೂ ಹೀಗೇ ಆಗಿತ್ತು, ನಮ್ಮ ಕರು ಸೀನಲಿಲ್ಲ, ಎಮ್ಮೆ ಐದು ದಿನದಿಂದ ಮೇವು ಮುಟ್ಟಿಲ್ಲ, ಇಂಜೆಕ್ಷನ್ ಆಗಿದೆ, ಏನು ಮಾಡಲಿ ಎಂದು ಬರೆದಿದ್ದರು. ಎರಡು ದಿನದ ಹಿಂದೆಯೇ ಬರೆದಿದ್ದರು. ನಾನು ಅದನ್ನು ನೋಡಿದ್ದೆ. ನೋಡಿ, ಕಾಮೆಂಟು ಇಷ್ಟಾಯಿತಲ್ಲ ಎಂದು ಲೆಕ್ಕ ಹಾಕಿದ್ದೆ.

"ಇವಳಿಗೆ ಏನ್ ಹೇಳಿದ್ರಿ?" ಎಂದಳು ಬೊಮ್ಮಕ್ಕ.

ನಾನು ಗಿಣ್ಣದ ತಟ್ಟೆಯಲ್ಲಿ ಗುಳಿ ತೋಡತೊಡಗಿದೆ. ಅಲ್ಲಿಯವರೆಗೆ ನನಗೆ 'ರಿ' ಹಚ್ಚಿ ಮಾತಾಡುತ್ತಿದ್ದ ಬೊಮ್ಮಕ್ಕ ಆಗ ಏಕವಚನಕ್ಕೆ ಇಳಿದಳು. "ಮನೆ ಬಾಗಿಲಿಗೆ ಬಂದು ಕೇಳಿದ್ರೆ ಹಿಂಗೇ ಸುಮ್ನೆ ಕೂರ್ತಿದ್ದೇನು? ಹಚ್ಚು ಫೋನು."

ನನ್ನ ನಂಬರು ಕೊಟ್ಟು, ಫೋನ್ ಮಾಡಿ ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಶಾಂತಮ್ಮನೇ ಫೋನ್ ಮಾಡಿದರು. ಸ್ಪೀಕರ್ ಹಾಕಿ ಬೊಮ್ಮಕ್ಕನ ಮುಂದೆ ಹಿಡಿದೆ. ಒಬ್ಬರನ್ನೊಬ್ಬರು ಕಂಡೇ ಇರದ ಇಬ್ಬರು ಹೆಂಗಸರು ಅಕ್ಕತಂಗಿಯರಂತೆ ಮಾತಿಗೆ ಕೂತರು. "ಮೇವಿನ ಬಾನಿ ಮುಂದೆ ಇಟ್ಟು ದೂರ ಹೋಗಬ್ಯಾಡ ನಮ್ಮವ್ವಾ. ಪಕ್ಕಕ್ಕೆ ಕುಂತ್ಕಾ. ಮೈ ತಿಕ್ಕು. ಕೈಯಾಗೆ ಒಂದೊಂದೇ ಹಿಡಿ ಕೊಡು. ಅದಕ್ಕೂ ಗೊತ್ತಾಗೈತೆ, ದುಃಖ ಐತೆ ಅದಕ್ಕೆ."

ಆ ಕಡೆಯಿಂದ ಶಾಂತಮ್ಮ, "ಮನೇಲಿ ಎಲ್ರೂ ಎಮ್ಮೆಗ್ಯಾಕೆ ಅಷ್ಟು ಅಳ್ತೀಯ ಅಂತಾರಕ್ಕ" ಎಂದರು.

"ಅನ್ನಲಿ ಬಿಡು. ನೀನು ಅಳು, ಅಳ್ತಾ ತಿನ್ನಿಸು."

ಜ್ವರ ನೋಡಿಸಿ, ಅಲ್ಲಿಯ ಡಾಕ್ಟರನ್ನು ಇನ್ನೊಮ್ಮೆ ಕರೆಸಿ ಎಂದು ನಾನೂ ನನ್ನ ಕಡೆಯಿಂದ ಎರಡು ಮಾತು ಸೇರಿಸಿದೆ. ಅವು ಸರಿಯಾದ ಮಾತುಗಳೇ. ಆದರೆ ಶಾಂತಮ್ಮ ಫೋನಿಡುವಾಗ ಕೃತಜ್ಞತೆ ಹೇಳಿದ್ದು ಬೊಮ್ಮಕ್ಕನಿಗೆ. ಮೂರು ದಿನದ ನಂತರ ಅವರ ಒಂದು ಚಿಕ್ಕ ವಿಡಿಯೊ ಬಂತು. ಬಳೆಯ ಕೈಯೊಂದು ಹಸಿ ಜೋಳದ ಎಲೆ ಹಿಡಿದಿದೆ, ಎಮ್ಮೆ ಬೇಕೋ ಬೇಡವೋ ಎಂಬಂತೆ ಮೆಲ್ಲುತ್ತಿದೆ. ಮೊದಲ ಮೂರು ಸೆಕೆಂಡಿನಲ್ಲಿ ಅದರಲ್ಲಿ ಏನೂ ನಡೆಯುವುದಿಲ್ಲ. ನಾನು ಹತ್ತು ಸಲ ನೋಡಿದೆ.

ಅಂದಿನಿಂದ ಬುಧವಾರ ಮಧ್ಯಾಹ್ನ ನಾನು ಬೊಮ್ಮಕ್ಕನ ಮನೆ ಕಟ್ಟೆಗೆ ಹೋಗುವುದು ರೂಢಿಯಾಯಿತು. ನಾನು ಓದುತ್ತೇನೆ, ಔಷಧಿಯ ಪ್ರಶ್ನೆಗೆ ಡಾಕ್ಟರನ್ನು ಕೇಳಿ ಬರೆಯುತ್ತೇನೆ. ಉಳಿದದ್ದಕ್ಕೆ ಬೊಮ್ಮಕ್ಕ ಹೇಳಿದ್ದನ್ನು ಹೇಳಿದಂತೆಯೇ ಟೈಪ್ ಮಾಡುತ್ತೇನೆ. ಬರೀ ಹೃದಯದ ಚಿತ್ರ ಕಳಿಸಿದವರನ್ನೂ ಅವಳು ಬಿಡುವುದಿಲ್ಲ, "ಯಾವೂರು, ಯಾರ ಮನೆಯೋರು ಕೇಳು" ಎನ್ನುತ್ತಾಳೆ. ಕೇಳಿದರೆ ಆಶ್ಚರ್ಯ, ಅವರು ಓಡಿಹೋಗುವುದಿಲ್ಲ, ಹೇಳುತ್ತಾರೆ. ಫಾಲೋವರ್ಸ್ ಮಾತ್ರ ಮೊದಲಿನ ಜಾತ್ರೆಯಷ್ಟು ಉಳಿಯಲಿಲ್ಲ, ಗೆದ್ದ ಹೆಸರನ್ನು ನಾನು ಘೋಷಿಸಲೇ ಇಲ್ಲವೆಂದು ಚಾಕ್ಲೇಟ್ ಪಕ್ಷದವರು ಬಹಳಷ್ಟು ಜನ ಮುನಿಸಿಕೊಂಡು ಹೋದರು. ಕರುವಿಗೆ ಕೊನೆಗೆ ಏನು ಹೆಸರಾಯಿತು ಎಂದು ಜನ ಕೇಳುತ್ತಲೇ ಇದ್ದರು. ಎಲ್ಲದಕ್ಕೂ ಉತ್ತರ ಬರೆಯುವ ನಾನು ಅದೊಂದಕ್ಕೆ ಕೈ ಆಡಿಸದೆ ತಪ್ಪಿಸಿಕೊಂಡಿದ್ದೆ. ಒಂದು ದಿನ ರತ್ನ ತನ್ನ ಫೋನಿನಿಂದ ಬರೆದುಬಿಟ್ಟಳು: 'ವಿಮಲಾ ಅಂತ ರೀ, ನಮ್ಮ ಡಾಕ್ಟ್ರಮ್ಮನ ಹೆಸರು.' ಹತ್ತು ನಿಮಿಷದಲ್ಲಿ ಹೊನ್ನಾಳಿಯ ಸಹೋದ್ಯೋಗಿ ಫೋನ್ ಮಾಡಿ, "ಏನ್ ವಿಮಲಾ ಮೇಡಂ, ಮೇವಾಯ್ತಾ?" ಎಂದ.

ಮುಂದಿನ ಮೀಟಿಂಗಿನಲ್ಲಿ ಸಾಹೇಬರು ನನ್ನನ್ನು ಎದ್ದು ನಿಲ್ಲಿಸಿ, ಜನ ಇಷ್ಟು ಮಾತಾಡುವ ಪೇಜು ಬೇರೆ ಯಾರದೂ ಇಲ್ಲ, ನಿಮ್ಮ ತಂತ್ರವೇನು ಹೇಳ್ರಿ ಎಂದರು. "ಕೇಳಿದೋರಿಗೆ ಉತ್ತರ ಕೊಡ್ತೀವಿ ಸಾರ್" ಎಂದೆ. ಅವರು ಇನ್ನೇನಾದರೂ ಬರುತ್ತದೆಂದು ಸ್ವಲ್ಪ ಹೊತ್ತು ಕಾದು, ಆಮೇಲೆ 'ಸಕಾಲಿಕ ಪ್ರತಿಸ್ಪಂದನೆ' ಎಂದು ಬರೆದುಕೊಂಡರು. ಕೇಳಲು ಚೆನ್ನಾಗಿತ್ತು, ನಾನೂ ಬರೆದುಕೊಂಡೆ.

ಆ ಹೊಗಳಿಕೆಯ ಬಿಸಿ ಆರುವ ಮೊದಲೇ ಬೊಮ್ಮಕ್ಕನಿಗೆ ಹೇಳೋಣವೆಂದು ಆ ಬುಧವಾರ ಬೇಗ ಹೋದೆ. ಗಾಡಿ ನಿಲ್ಲಿಸಿ, ಫೋನ್ ನೋಡುತ್ತಲೇ ಅಂಗಳ ದಾಟುತ್ತಿದ್ದೆ. ಕೊಟ್ಟಿಗೆಯ ಕಡೆಯಿಂದ ಬೊಮ್ಮಕ್ಕ ದೊಡ್ಡ ದನಿಯಲ್ಲಿ, "ಏ ವಿಮ್ಲಿ! ಕಣ್ಣು ಕಾಣಾಕಿಲ್ಲೇನೇ ನಿಂಗೆ? ಬಕೀಟು ಐತೆ, ನೋಡ್ಕಂಡು ಹೆಜ್ಜೆ ಇಡು!" ಎಂದು ಗದರಿದಳು.

ಕರುವೂ ನಾನೂ ಒಟ್ಟಿಗೇ ನಿಂತೆವು. ಕರುವಿನ ಹತ್ತಿರ ಬಕೀಟಿರಲಿಲ್ಲ.