ಅತ್ತೆಯ ಕಿವಿಗೊಂದು ಹೆಡ್‌ಫೋನು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನಗೆ ಆ ಭಾಗ್ಯವಿಲ್ಲ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಚಳ್ಳಕೆರೆಯಂಥ ಊರಿನಲ್ಲಿ ವಿಜ್ಞಾನದ ಮೇಷ್ಟ್ರೆಂದರೆ ಕರೆಂಟಿನಿಂದ ನಡೆಯುವ ಸಕಲ ಸಾಮಾನುಗಳಿಗೂ ಅವನೇ ಹೊಣೆ. ಪಕ್ಕದ ಮನೆಯ ಮಿಕ್ಸಿ ಗೊರಗುಟ್ಟಿದರೆ ನನ್ನನ್ನು ಕರೆಯುತ್ತಾರೆ. ಎದುರುಮನೆಯ ಟಿ.ವಿ.ಯಲ್ಲಿ ವಾರ್ತೆ ಓದುವ ಹೆಂಗಸಿನ ಮುಖ ಹಸಿರಾದರೂ ನನ್ನನ್ನೇ ಕರೆಯುತ್ತಾರೆ. ನಾನು ಹೋಗಿ, ಕೈ ಹಿಂದೆ ಕಟ್ಟಿಕೊಂಡು, ಗಂಭೀರವಾಗಿ ನೋಡಿ, "ಹೂಂ, ವೋಲ್ಟೇಜು" ಎಂದು ಹೇಳಿ, ಅವರು ಕೊಟ್ಟ ಕಾಫಿ ಕುಡಿದು ಬರುತ್ತೇನೆ. ಆ ಒಂದು ಪದದ ಮೇಲೆ ಇಷ್ಟು ವರ್ಷ ಮರ್ಯಾದೆಯಿಂದ ಬಾಳಿದ್ದೆ. ಆ ಮರ್ಯಾದೆ ಒಂದು ಹೆಡ್‌ಫೋನಿನಿಂದ ಹೋಯಿತು. ಹೊರಗಿನವರ ಮುಂದೆ ಹೋಗಿದ್ದರೆ ಊರು ಬಿಟ್ಟು ವರ್ಗ ಮಾಡಿಸಿಕೊಳ್ಳಬಹುದಿತ್ತು. ಹೋದದ್ದು ಅತ್ತೆಯ ಮುಂದೆ.

ನನ್ನ ಅತ್ತೆ, ಎಂದರೆ ಹೆಂಡತಿ ಸರೋಜಳ ತಾಯಿ, ಮೊಳಕಾಲ್ಮುರುವಿನಲ್ಲಿ ಕಿರಿಯ ಮಗಳು ಶಾಂತಳ ಮನೆಯಲ್ಲಿದ್ದರು. ಶಾಂತಳ ಗಂಡ ತಿಪ್ಪೇಸ್ವಾಮಿಗೆ ಅಲ್ಲಿ ರೇಷ್ಮೆ ಸೀರೆಯ ಅಂಗಡಿ. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮಗ್ಗ. ಸಂಬಂಧದಲ್ಲಿ ನನಗೆ ಷಡ್ಡಕ. ಷಡ್ಡಕರ ನಡುವಿನ ಪ್ರೀತಿ ಎಂಥದ್ದೆಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನ ಹೋಳಿಗೆಯ ಮೇಲೆ ಬಿದ್ದ ತುಪ್ಪವನ್ನು ನಾನು, ನನ್ನ ಹೋಳಿಗೆಯ ಮೇಲೆ ಬಿದ್ದದ್ದನ್ನು ಅವನು ಓರೆಗಣ್ಣಿನಲ್ಲಿ ನೋಡುತ್ತಲೇ ಬಂದಿದ್ದೇವೆ. ಅತ್ತೆಗೆ ಅವನು "ನಮ್ಮ ತಿಪ್ಪೇಸ್ವಾಮಿ". ನಾನು ಬರೀ "ಮೇಷ್ಟ್ರು". ಮೊದಲ ಅಳಿಯ ನಾನು, ಆದರೂ ನನ್ನ ಹೆಸರು ಅವರ ಬಾಯಲ್ಲಿ ಬಂದದ್ದನ್ನು ಕೇಳಿದವನಲ್ಲ.

ಅತ್ತೆಗೆ ಈಚೆಗೆ ಕಿವಿ ಮಂದವಾಗಿತ್ತು. ಭಾನುವಾರದ ಫೋನು ಒಂದು ಯುದ್ಧವಾಗಿಬಿಟ್ಟಿತ್ತು. "ಅವ್ವಾ, ಆರಾಮಿದೀಯಾ?" ಎಂದು ಸರೋಜ ಕೂಗಿದರೆ, ಆ ಕಡೆಯಿಂದ "ರಾಮಣ್ಣನಾ? ಯಾವ ರಾಮಣ್ಣನೇ? ಏನಾಯ್ತೇ ಅವನಿಗೆ?" ಎಂದು ಗಾಬರಿ. ಇಲ್ಲದ ರಾಮಣ್ಣ ಬದುಕಿದ್ದಾನೆಂದು ಸಮಾಧಾನ ಹೇಳುವುದರಲ್ಲೇ ಮಾತು ಮುಗಿದು, ಸರೋಜ ಫೋನಿಟ್ಟು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಿವಿಯ ಮಿಷನ್ನು ತಂದುಕೊಟ್ಟದ್ದೂ ಆಗಿತ್ತು. ಅದು ಕುಯ್ಯೆಂದು ಕೂಗುತ್ತದೆ ಎಂದು ಅತ್ತೆ ಅದನ್ನು ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಮಲಗಿಸಿದ್ದರು.

ಹೀಗಿರುವಾಗ ಶಾಂತ ಒಂದು ಸುದ್ದಿ ಹೇಳಿದಳು. ತಿಪ್ಪೇಸ್ವಾಮಿ ಸೀರೆಯ ಅಂಚಿನ ಚಿತ್ತಾರ ನೋಡಲೆಂದು ಕಂಪ್ಯೂಟರ್ ತಂದಿದ್ದ. ಅದಕ್ಕೆ ಹೆಡ್‌ಫೋನು ಸಿಕ್ಕಿಸಿ, ಸೌಂಡನ್ನು ಕೊನೆಯವರೆಗೆ ಏರಿಸಿ ಅವ್ವನ ಕಿವಿಗೆ ಹಾಕಿದರೆ ವಚನದ ಹಾಡುಗಳು ಚೆನ್ನಾಗಿ ಕೇಳಿ ಅವ್ವ ತಲೆದೂಗಿದಳಂತೆ. ಈಗ ಎರಡೂ ಮನೆಯಲ್ಲಿ ಇಂಟರ್‌ನೆಟ್ಟಿತ್ತು. ತಿಪ್ಪೇಸ್ವಾಮಿ ಕಂಪ್ಯೂಟರ್ ತಂದ ಮರುತಿಂಗಳೇ ನಾನೂ ತಂದಿದ್ದೆ, ಏಕೆ ಎಂದು ಕೇಳಬೇಡಿ. ಮಾತನಾಡುವ ಮೈಕಿರುವ ಹೆಡ್‌ಫೋನು ನಮ್ಮ ಮನೆಗೊಂದು ಬಂದರೆ ತಾಯಿ ಮಗಳು ಕಂಪ್ಯೂಟರಿನಲ್ಲೇ ಮಾತಾಡಬಹುದು. ಅತ್ತೆ ಒಂದು ತಿಂಗಳು ನಮ್ಮಲ್ಲಿಗೆ ಬಂದಿರುವ ಮಾತೂ ನಡೆದಿತ್ತು. ಅದನ್ನೂ ಕಂಪ್ಯೂಟರಿನ ಮೊದಲ ಮಾತಿನಲ್ಲೇ ಗಟ್ಟಿ ಮಾಡುವುದೆಂದಾಯಿತು. ಸರೋಜ ಹಬ್ಬ ಬಂದಂತೆ ಓಡಾಡಿದಳು. ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಹೆಡ್‌ಫೋನು ತಂದೆ. ಅಂಗಡಿಯವನು, "ಮನೆಗೆ ಬಂದು ಹಾಕಿಕೊಡ್ಲಾ ಸಾರ್?" ಎಂದ. "ನಾನು ಸೈನ್ಸ್ ಮೇಷ್ಟ್ರು ಕಣಯ್ಯ" ಎಂದು ನಕ್ಕುಬಿಟ್ಟೆ. ಆ ನಗುವನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಹೆಡ್‌ಫೋನಿನ ವೈರು ಕೊನೆಯಲ್ಲಿ ಎರಡಾಗಿ ಸೀಳಿತ್ತು. ಒಂದರ ತುದಿಯಲ್ಲಿ ಹಸಿರು ಪಿನ್ನು, ಅದು ಕೇಳುವುದಕ್ಕೆ. ಇನ್ನೊಂದರಲ್ಲಿ ಗುಲಾಬಿ ಪಿನ್ನು, ಅದು ಮಾತಾಡುವುದಕ್ಕೆ. ಕಂಪ್ಯೂಟರಿನ ಬೆನ್ನಿನಲ್ಲೂ ಹಸಿರಿನದೊಂದು, ಗುಲಾಬಿಯದೊಂದು ತೂತು. ಮೂರು ವರ್ಷದ ಮಗುವೂ ಹೊಂದಿಸಿಬಿಡಬಹುದು. ಆದರೆ ನಮ್ಮ ಕಂಪ್ಯೂಟರಿನ ಡಬ್ಬ ಮೇಜಿನ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಿತ್ತು. ಅದನ್ನು ಎಳೆಯಲು ಮೇಜು ಸರಿಸಬೇಕು, ಮೇಜು ಸರಿಸಲು ಸೊಂಟ ಸರಿ ಇರಬೇಕು. ನಾನು ಕೆಳಗೆ ನುಗ್ಗಿ, ಜೇಡರ ಬಲೆಯೊಳಗೆ ಕೈ ತೂರಿಸಿ, ತಡಕಿ ತಡಕಿ ಎರಡನ್ನೂ ಸಿಕ್ಕಿಸಿದೆ. "ಬ್ಯಾಟ್ರಿ ಕೊಡ್ಲಾ ರೀ, ಕತ್ಲಲ್ಲಿ ಬಣ್ಣ ಕಾಣಲ್ಲ" ಎಂದಳು ಸರೋಜ. "ಕೈಗೆ ಗೊತ್ತಾಗುತ್ತೆ ಬಿಡು" ಎಂದೆ. ಕೈಗೆ ಬಣ್ಣ ಗೊತ್ತಾಗುತ್ತದೆಂದು ಯಾವ ಪಠ್ಯಪುಸ್ತಕದಲ್ಲಿ ಓದಿದ್ದೆನೋ ಕಾಣೆ.

ಹೆಡ್‌ಫೋನು ತಲೆಗೇರಿಸಿ, ತಿಪ್ಪೇಸ್ವಾಮಿಗೆ ಕರೆ ಕೊಟ್ಟೆ. ಅವನು ಸಿಕ್ಕ. ಆದರೆ ನನ್ನ ಕಿವಿಯಲ್ಲಿ ಮಸಣದ ಮೌನ. "ಹಲೋ, ಹಲೋ" ಎಂದೆ, ಊದಿದೆ, ತಟ್ಟಿದೆ. ಆಗ ಪರದೆಯ ಮೇಲೆ ತಿಪ್ಪೇಸ್ವಾಮಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಒಂದು ಪದ ಮೂಡಿತು: "ಕೇಳ್ತಾ". ಅವನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಮುಂದಿನ ಪದ ಬರಲು ಬಹಳ ಹೊತ್ತು ಬೇಕು. ನಮ್ಮ ಕನ್ನಡದಲ್ಲಿ ಇದೆಯೋ ಇಲ್ಲವೋ ಎಂಬುದು ಕೊನೆಗೇ ತಾನೇ ತಿಳಿಯುವುದು? ನಾನು ಕಾಯದೆ, "ನೋಡು, ಕೇಳ್ತಾ ಇಲ್ಲ ಅಂತಾನೆ. ಅವರಿಗೂ ಕೇಳ್ತಿಲ್ಲ, ನಮಗೂ ಕೇಳ್ತಿಲ್ಲ" ಎಂದು ತೀರ್ಪು ಕೊಟ್ಟು, ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡು, ಸೌಂಡಿನ ಸೆಟ್ಟಿಂಗ್ ಹುಡುಕುತ್ತಾ ಪರದೆಯ ತುಂಬ ಬೇರೆ ಕಿಟಕಿಗಳನ್ನು ತೆರೆದೆ. ತಿಪ್ಪೇಸ್ವಾಮಿಯ ಮಾತು ಅವುಗಳ ಹಿಂದೆ ಮುಚ್ಚಿಹೋಯಿತು.

ಏನು ಒತ್ತಿದರೂ ಸದ್ದಿಲ್ಲ. ಸರೋಜ, "ಅಂಗಡಿಯೋರನ್ನೇ ಕರೀರಿ. ಪಾಪ, ಅವ್ವ ಆಗಿಂದ ಕಾಯ್ಕೊಂಡು ಕೂತೈತೆ" ಎಂದಳು. ಸೋತು ಬೆವರುತ್ತಿದ್ದವನಿಗೆ ಅಷ್ಟು ಸಾಕಾಯಿತು. "ನಿಮ್ಮವ್ವಂಗೆ ಕಿವುಡೂ ಇಲ್ಲ, ಗಿವುಡೂ ಇಲ್ಲ ಕಣೆ!" ಎಂದು ಶುರುಮಾಡಿದೆ. "ತಿಪ್ಪೇಸ್ವಾಮಿ ಬಾಗಿಲಾಚೆ ಕೆಮ್ಮಿದ್ರೂ ಕೇಳಿಸುತ್ತೆ. ನಾನು ಎದುರಿಗೆ ಕೂತು ಮಾತಾಡಿದ್ರೆ ಮಾತ್ರ 'ಆಂ? ಆಂ?' ಅಂತಾಳೆ. ಒಂದು ತಿಂಗಳು ಬಂದು ಕೂತ್ರೆ ನನ್ನ ಗತಿ ಏನು? ಆ ಟಿ.ವಿ. ಸದ್ದಿಗೆ ನಾನು ಹೋಗಿ ಛತ್ರದಲ್ಲಿ ಮಲಗಬೇಕು. ಅಲ್ಲೇ ಇರ್ಲಿ ಬಿಡು, ಅವರ ಮನೇಲಿ ಮಗ್ಗದ ಸದ್ದಲ್ಲಿ ಎಲ್ಲಾ ಮುಚ್ಚಿಹೋಗುತ್ತೆ. ಬಂದವಳು ಇಲ್ಲೇ ಝಾಂಡಾ ಊರಿದ್ರೆ ಯಾರು ಎಬ್ಬಿಸ್ತಾರೆ?"

ಎದುರಿಗಿದ್ದಾಗ ಅವರನ್ನು ಬಹುವಚನ ಬಿಟ್ಟು ಕರೆದವನಲ್ಲ ನಾನು. ಸರೋಜ "ಸುಮ್ನಿರ್ರಿ, ಏನು ಮಾತದು" ಎಂದು ಮುಖ ತಿರುಗಿಸಿದಳು. ನಾನು ಬ್ಯಾಟರಿ ಕಸಿದುಕೊಂಡು ಮೇಜಿನಡಿ ತೂರಿದೆ. ಬೆಳಕು ಬಿಟ್ಟೆ. ಹಸಿರಿನ ತೂತಿನಲ್ಲಿ ಗುಲಾಬಿ, ಗುಲಾಬಿಯ ತೂತಿನಲ್ಲಿ ಹಸಿರು. ಕಿತ್ತು ಬದಲಾಯಿಸಿದ್ದೇ ತಡ, ಕತ್ತಿನಲ್ಲಿದ್ದ ಹೆಡ್‌ಫೋನಿನಿಂದ ಅತ್ತೆಯ ದನಿ ಸ್ಪಷ್ಟವಾಗಿ ಬಂತು. ಅವರು ತಿಪ್ಪೇಸ್ವಾಮಿಗೆ ಹೇಳುತ್ತಿದ್ದರು: "ಏನೂ ಇಲ್ಲಪ್ಪ, ಬರೀ ಗೊರ್ ಅಂತ ಸದ್ದು ಬರ್ತಾ ಐತೆ."

ಗೆದ್ದೆ ಎಂದುಕೊಂಡು ಮೇಲೆದ್ದೆ. ತೆರೆದ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದೆ. ಎಲ್ಲದರ ಹಿಂದೆ ತಿಪ್ಪೇಸ್ವಾಮಿಯ ಮಾತು ಪೂರ್ತಿಯಾಗಿ ಕೂತಿತ್ತು. "ಕೇಳ್ತಾ", ಅದರ ಕೆಳಗೆ "ಇದೆ", ಅದರ ಕೆಳಗೆ "ಅತ್ತೆಗೆ ಚೆನ್ನಾಗಿ ಕೇಳ್ತಾ ಇದೆಯಂತೆ. ಮಾತಾಡಿ ಮೇಷ್ಟ್ರೇ".

ನಾನು ಕತ್ತಿನಲ್ಲಿದ್ದ ಹೆಡ್‌ಫೋನನ್ನು ಮುಟ್ಟಿ ನೋಡಿಕೊಂಡೆ. ಮೈಕಿಗೂ ಸ್ಪೀಕರಿಗೂ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಸ್ಪೀಕರನ್ನು ಮೈಕಿನ ಜಾಗಕ್ಕೆ ಸಿಕ್ಕಿಸಿದರೆ ಅದೇ ಮೈಕಾಗಿ ಕೆಲಸ ಮಾಡುತ್ತದೆ. ಇದನ್ನು ಪ್ರತಿವರ್ಷ ಹತ್ತನೇ ತರಗತಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುವವನು ನಾನೇ. ಕತ್ತಿಗೆ ನೇತುಹಾಕಿಕೊಂಡಿದ್ದ ಹೆಡ್‌ಫೋನು ನನ್ನ ಗದ್ದದ ಕೆಳಗೇ ಇದ್ದು, ನಾನು ಆಡಿದ್ದೆಲ್ಲವನ್ನೂ ಕೊನೆಯವರೆಗೆ ಏರಿಸಿದ ಸೌಂಡಿನಲ್ಲಿ ಅತ್ತೆಯ ಎರಡೂ ಕಿವಿಗೆ ಸುರಿದಿತ್ತು. ಆ ಮುದುಕಿಗೆ ಎಷ್ಟೋ ಕಾಲದ ಮೇಲೆ ಅಷ್ಟು ಚೆನ್ನಾಗಿ ಕೇಳಿಸಿದ ಮೊದಲ ಮಾತು ಅದು. ಆ ಕಡೆಯ ಹೆಡ್‌ಫೋನು ಅವರ ತಲೆಯ ಮೇಲಿದ್ದುದರಿಂದ ಕೇಳಿಸಿಕೊಂಡವರು ಅವರೊಬ್ಬರೇ. ಕೇಳಿಯೂ, ತಿಪ್ಪೇಸ್ವಾಮಿಯ ಮುಂದೆ ನನ್ನನ್ನು ಬಿಟ್ಟುಕೊಡದೆ, ಗೊರ್ ಎನ್ನುತ್ತಿದೆ ಎಂದಿದ್ದರು.

ಹೆಡ್‌ಫೋನನ್ನು ಸರೋಜಳ ತಲೆಗಿಟ್ಟು ಬಾಗಿಲ ಬಳಿ ಹೋಗಿ ನಿಂತೆ. ಅವಳು "ಅವ್ವಾ, ಆರಾಮಿದೀಯಾ?" ಎಂದಳು. ಈ ಸಲ ರಾಮಣ್ಣ ಬರಲಿಲ್ಲ. ಅವಳು ನಗುತ್ತಾ, ಅಳುತ್ತಾ, ಮೂಗೊರೆಸಿಕೊಳ್ಳುತ್ತಾ ಮಾತಾಡಿಯೇ ಮಾತಾಡಿದಳು. ಕೊನೆಗೆ ಮುಖ ಸಣ್ಣದು ಮಾಡಿಕೊಂಡು ಎದ್ದು ಬಂದಳು. "ಬರಲ್ವಂತೆ ಕಣ್ರಿ. ಮೊನ್ನೆ ಬಟ್ಟೆನೆಲ್ಲ ಗಂಟು ಕಟ್ಟಿ ಇಟ್ಟೈತಂತೆ ಅಂದಿದ್ಳು ಶಾಂತ. ಈಗ ನೋಡಿದ್ರೆ ಈ ಸಲ ಬ್ಯಾಡವ್ವ ಅಂತೈತೆ. ಯಾಕೋ ಏನೋ." ನಾನು "ವೋಲ್ಟೇಜು" ಎನ್ನುವ ಮುಖ ಮಾಡಿದೆ.

ಆ ವಾರ ಪಾಠ ಹತ್ತಲಿಲ್ಲ, ಅನ್ನ ಸೇರಲಿಲ್ಲ. ಭಾನುವಾರ, "ನಾನೇ ಹೋಗಿ ಕರ್ಕೊಂಡು ಬರ್ತೀನಿ" ಎಂದಾಗ ಸರೋಜ ನನ್ನ ಹಣೆ ಮುಟ್ಟಿ ನೋಡಿದಳು. ಬಸ್ಸಿನಲ್ಲಿ ಕೂತು ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿದೆ. ತುಟಿ ಅಲ್ಲಾಡುವುದನ್ನು ಕಂಡು ಪಕ್ಕದವನು ಮಂತ್ರ ಇರಬೇಕೆಂದು ಒಂಚೂರು ಸರಿದು ಜಾಗ ಕೊಟ್ಟ. ಯಾರಿಗೂ ಕೇಳದಂತೆ, ಮೆಲ್ಲಗೆ, ಕಿವಿಯಲ್ಲಿ ಹೇಳಿ ಮುಗಿಸುವುದು ನನ್ನ ಯೋಜನೆ. ಕಿವುಡರಿಗೆ ಮೆಲ್ಲಗೆ ಏನನ್ನೂ ಹೇಳಲಾಗುವುದಿಲ್ಲ ಎಂಬುದು ಮೊಳಕಾಲ್ಮುರು ಮುಟ್ಟುವವರೆಗೂ ಹೊಳೆಯಲೇ ಇಲ್ಲ.

ತಿಪ್ಪೇಸ್ವಾಮಿ ಅಂಗಡಿಗೆ ಹೋಗಿದ್ದ. ಶಾಂತ ಅಡುಗೆಮನೆಯಲ್ಲಿದ್ದಳು. ಹಿಂದಿನ ಕೋಣೆಯಲ್ಲಿ ಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಅತ್ತೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. "ಬರ್ರಿ ಮೇಷ್ಟ್ರೇ" ಎಂದು ಸೆರಗು ಸರಿಮಾಡಿಕೊಂಡರು. ನಾನು ಪಕ್ಕದಲ್ಲಿ ಕೂತು, ಬಗ್ಗಿ, "ಅತ್ತೆ, ಮೊನ್ನೆ ನಂದು ತಪ್ಪಾಯ್ತು" ಎಂದೆ.

"ಯಾರಿಗೆ ಮುಪ್ಪಾಯ್ತು?"

"ಮುಪ್ಪಲ್ಲ, ತಪ್ಪು, ತಪ್ಪು."

"ಉಪ್ಪಾ? ಶಾಂತಾ, ಮೇಷ್ಟ್ರಿಗೆ ಉಪ್ಪು ಬೇಕಂತೆ ನೋಡವ್ವ."

ಶಾಂತ ಏನೂ ತಿಳಿಯದೆ ಅಂಗೈಯಲ್ಲಿ ಉಪ್ಪು ಹಿಡಿದು ಬಂದು ನಿಂತಳು. ಇನ್ನು ಮಾನ ಉಳಿಯುವುದಿಲ್ಲವೆಂದು ಗೊತ್ತಾಗಿ, ಕಣ್ಣು ಮುಚ್ಚಿ, ಇದ್ದ ದನಿಯನ್ನೆಲ್ಲ ಕೂಡಿಸಿ ಕೂಗಿದೆ: "ಮೊನ್ನೆ ಕಂಪ್ಯೂಟರ್‌ನಲ್ಲಿ ನಿಮ್ಮನ್ನ ಬೈದಿದ್ದು ನನ್ನ ತಪ್ಪು! ಕ್ಷಮಿಸ್ಬೇಕು!" ನನ್ನ ಗ್ರಹಚಾರಕ್ಕೆ ಅದೇ ಗಳಿಗೆಯಲ್ಲಿ ಎಳೆ ಕಡಿದು ಮಗ್ಗ ನಿಂತಿತು. ನೇಯುತ್ತಿದ್ದ ಮುದುಕ ಬಾಗಿಲಲ್ಲಿ ತಲೆ ಹಾಕಿ, "ಏಮೈಂದಿ ಸಾಮಿ?" ಎಂದು ತೆಲುಗಿನಲ್ಲಿ, ಏನಾಯಿತೆಂದು ವಿಚಾರಿಸಿದ. ಕಾಂಪೌಂಡಿನ ಆಚೆ ಪಾತ್ರೆ ತಿಕ್ಕುವ ಸದ್ದೂ ನಿಂತಿತು. ಶಾಂತಳ ಕೈಯಿಂದ ಉಪ್ಪು ಸಣ್ಣಗೆ ಸುರಿಯುತ್ತಿತ್ತು.

ಅತ್ತೆ ಮಾತ್ರ ಮೊರದಿಂದ ಕಣ್ಣೆತ್ತಲಿಲ್ಲ. "ಅಷ್ಟು ಕೂಗ್ಬ್ಯಾಡ್ರಿ ಮೇಷ್ಟ್ರೇ, ಅಕ್ಕಪಕ್ಕದೋರು ಏನಂದ್ಕಂಡಾರು. ಅವತ್ತು ನನಗೆ ಬರೀ ಗೊರ್ ಅಂತ ಸದ್ದು ಬಂದಿತ್ತು" ಎಂದರು. ಬೇಳೆಯಲ್ಲಿದ್ದ ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಟಿ.ವಿ. ಸಣ್ಣಕೆ ಇಟ್ಕಂಡೇ ನೋಡ್ತೀನಿ ಬಿಡ್ರಿ" ಎಂದು ಎದ್ದು, ಗಂಟು ತರಲು ಒಳಗೆ ಹೋದರು.

ನಾವು ಚಳ್ಳಕೆರೆಗೆ ಬಂದಿಳಿಯುವ ಹೊತ್ತಿಗೆ ಶಾಂತಳ ಫೋನು ನಮಗಿಂತ ಮೊದಲೇ ಬಂದು ಮುಟ್ಟಿತ್ತು. ಸರೋಜ ಬಾಗಿಲಲ್ಲಿ ನಿಂತು ತಾಯಿಯ ಕೈಯ ಗಂಟು ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ. ಅತ್ತೆ ಆಡಿದಂತೆ ನಡೆದುಕೊಂಡರು. ಸದ್ದನ್ನು ಪೂರ್ತಿ ಇಳಿಸಿ, ಬರೀ ಬೊಂಬೆ ನೋಡಿದಂತೆ ಟಿ.ವಿ. ನೋಡುತ್ತಾ ಕೂರುತ್ತಿದ್ದರು. ನಾನು ಹೋಗಿ ಸದ್ದು ಏರಿಸಿ ಬರುವುದು, ಅವರು ಇಳಿಸುವುದು. ಆ ಟಿ.ವಿ.ಯಷ್ಟು ನನ್ನನ್ನು ಗದರಿದ ವಸ್ತು ಇನ್ನೊಂದಿಲ್ಲ. ಕೊನೆಗೆ ಒಂದು ದಿನ ನಾನೇ ಏರಿಸಿ, ರಿಮೋಟನ್ನು ಶಾಲೆಗೆ ತೆಗೆದುಕೊಂಡು ಹೋದೆ.

ಈಗ ಶಾಂತಳೊಡನೆ ಮಾತಾಡುವ ಸರದಿ ಅತ್ತೆಯದು. ಒಂದು ಸಂಜೆ ನಾನೇ ಹೆಡ್‌ಫೋನು ಹಾಕಿಕೊಟ್ಟು, ಪಕ್ಕದ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತೆ. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿಯ ಅಂದಾಜಿರುವುದಿಲ್ಲ. ಅತ್ತೆ ಗುಟ್ಟು ಹೇಳುತ್ತಿದ್ದೇನೆಂದು ತಿಳಿದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದರು: "ಮೇಷ್ಟ್ರು ಒಳ್ಳೇರೇ ಕಣೆ. ಆದ್ರೆ ಸಾರು ಕುಡಿಯೋದೊಂದು ಐತೆ ನೋಡು, ಸೊರ್ ಅಂತ! ನನ್ನ ಕಿವಿಗೇ ಕೇಳಿಸ್ತೈತೆ ಅಂದ್ರೆ ಲೆಕ್ಕ ಹಾಕ್ಕ." ಅಡುಗೆಮನೆಯಿಂದ ಸರೋಜ ಒಂದು ವಾರದ ಮೇಲೆ ಮೊದಲ ಸಲ ನಕ್ಕದ್ದು ಕೇಳಿಸಿತು. ನಾನು ಕೆಂಪು ಪೆನ್ನು ಹಿಡಿದು ತಲೆ ತಗ್ಗಿಸಿದೆ. ಕೇಳಿಸಲಿಲ್ಲ ಎನ್ನುವುದಕ್ಕೆ ನನಗೆ ಕಿವುಡೂ ಇಲ್ಲ.

ಅಂದು ಊಟಕ್ಕೆ ಕೂತಾಗ ಮುದ್ದೆಯನ್ನು ಮೆಲ್ಲಗೆ ನುಂಗಿ, ಹುರುಳಿ ಸಾರನ್ನು ತುಟಿ ಬಿಚ್ಚದವನಂತೆ ಗುಟುಕು ಗುಟುಕಾಗಿ ಇಳಿಸಿದೆ. ಅತ್ತೆ ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಅವರ ಮುಖ ಬಾಡಿತು. "ಯಾಕ್ ಮೇಷ್ಟ್ರೇ, ಇವತ್ತು ನಾನು ಮಾಡಿದ್ದು ಸಾರು. ರುಚಿ ಇಲ್ವೇನ್ರಿ?" ಎಂದರು.

ನಾನು ಬಟ್ಟಲನ್ನು ಎರಡೂ ಕೈಯಲ್ಲೆತ್ತಿ, ಅವರಿಗೆ ಕೇಳಿಸುವಂತೆ, ಸೊರ್ರೆಂದು ಕುಡಿದು ತೋರಿಸಿದೆ.