ಸಿಮ್ಮಿನ ಸಲುವಾಗಿ ಸತ್ತ ಶನಿವಾರ

ನನ್ನ ಮನೆಯಲ್ಲಿ ಸಿಗ್ನಲ್ ಇಲ್ಲ ಎಂದರೆ ಜನ ನಗುತ್ತಾರೆ. ನಗಲಿ. ಅವರ ಮಾವ ಸತ್ತ ಸುದ್ದಿ ಅವರಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿರುತ್ತದೆ. ಯಶವಂತನಗರದ ನಮ್ಮ ಕ್ವಾರ್ಟರ್ಸು ಗುಡ್ಡದ ಬುಡದಲ್ಲಿದೆ. ಅದಿರು ಲಾರಿಗಳ ಕೆಂಪು ಧೂಳು ಮುಚ್ಚಿದ ಕಿಟಕಿಯಿಂದಲೂ ಅನ್ನದ ತಟ್ಟೆಗೆ ಬರುತ್ತದೆ. ನನ್ನ ಫೋನ್ ಕಂಪನಿಯ ಸಿಗ್ನಲ್ ತೆರೆದ ಬಾಗಿಲಿನಿಂದಲೂ ಬರುವುದಿಲ್ಲ. (ಪಕ್ಕದ ಮನೆಯವರ ಫೋನು ಬೇರೆ ಕಂಪನಿಯದು. ಅದು ಹೊತ್ತಿಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳುತ್ತದೆ, ಬೇಕಂತಲೇ.)

ಈ ಕಂಪನಿಯನ್ನು ಮನೆತುಂಬಿಸಿಕೊಂಡವನು ನಾನೇ. ಹೊಸ ಫೋನು, ನನಗೂ ಹೆಂಡತಿ ತುಳಸಿಗೂ ಸೇರಿ ಜೋಡಿ ಪ್ಲಾನು, ಎರಡು ವರ್ಷ ಬಿಟ್ಟುಹೋಗುವಂತಿಲ್ಲ ಎಂಬ ಕರಾರು. ಗಣಿಯಲ್ಲಿ ಲಾರಿ ತೂಕ ಹಾಕಿಸುವ ಗುಮಾಸ್ತ ನಾನು, ಲೆಕ್ಕದಲ್ಲಿ ಪಕ್ಕಾ ಎಂಬ ಹೆಮ್ಮೆ ಬೇರೆ. ಓದದೇ ಸಹಿ ಹಾಕಿದೆ.

ಮಳೆಗಾಲದ ಕೊನೆಗೆ ಮಲಪನಗುಡಿಯಲ್ಲಿ ನನ್ನ ಮಾವ ತೀರಿಕೊಂಡರು. ಬಾಮೈದ ಹುಲುಗೇಶ್ ಬೆಳಗಿನಿಂದ ಫೋನ್ ಒತ್ತಿದ್ದೇ ಒತ್ತಿದ್ದು. ನಾವಿಬ್ಬರೂ ವ್ಯಾಪ್ತಿ ಪ್ರದೇಶದ ಹೊರಗಿದ್ದೇವೆಂದು ಯಾವಳೋ ಒಬ್ಬಳು ಅವನಿಗೆ ಇಂಪಾಗಿ ಹೇಳುತ್ತಲೇ ಇದ್ದಳಂತೆ. ಕೊನೆಗೆ ಲಾರಿ ಡ್ರೈವರೊಬ್ಬನ ಬಾಯಲ್ಲಿ ಸುದ್ದಿ ಬಂತು. ನಾವು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ತುಳಸಿ ಹಸಿ ಮಣ್ಣಿನ ಮೇಲೆ ಕೈಯಿಟ್ಟು ಕೂತಳು. ಅಪ್ಪನ ಮುಖವನ್ನು ಅವಳು ಕೊನೆಯ ಸಲ ನೋಡಲಿಲ್ಲ. ಅವತ್ತಿನಿಂದ ನನ್ನ ಜೊತೆ ಜಗಳವನ್ನೂ ಆಡಲಿಲ್ಲ. ನನಗೆ ನಿಜವಾಗಿ ಭಯ ಶುರುವಾದದ್ದು ಆಗಲೇ.

ಆಮೇಲೆ ಅತ್ತೆ ಭೀಮವ್ವನಿಗೆ ಉಬ್ಬಸ ಜೋರಾಯಿತು. ತುಳಸಿ ಸೀರೆಗಳನ್ನು ಚೀಲಕ್ಕೆ ತುರುಕತೊಡಗಿದಳು.

“ಎಲ್ಲಿಗೆ?” ಎಂದೆ.

“ಅವ್ವನ ಹತ್ರ ಇರ್ತೀನ್ರಿ. ಇಲ್ಲೇ ಕುಂತ್ರ ಅಪ್ಪನ ಹಂಗ ಅವ್ವನ ಮುಖಾನೂ ತಪ್ಪತೈತಿ.”

“ಹೆಂಗರ ಮಾಡಿ ಈ ಕರಾರು ಬಿಡಸ್ತೀನಿ, ತಡಿ.”

“ಪಕ್ಕದ ಮನಿಯಾರ ಕಂಪನಿದು ಒಂದ್ ಸಿಮ್ ತರ್ರಿ ಅಂತ ಬಡಕೊಂಡೆ. ತಂದ್ರೇನು?”

“ಯಾಕ ತರ್ಲಿ? ಇವ್ರಿಗೆ ರೊಕ್ಕ ಕೊಟ್ಟೀನಿ. ಸಿಗ್ನಲ್ ಕೊಡ್ಲಿ, ಇಲ್ಲಾ ಬಿಡುಗಡೆ ಕೊಡ್ಲಿ. ನ್ಯಾಯ ಅಂದ್ರ ನ್ಯಾಯ!”

“ಹಂಗಾದ್ರ ನ್ಯಾಯದ ಜೋಡೀನ ಸಂಸಾರ ಮಾಡ್ರಿ. ಆ ಫೋನ್ ಈ ಮನ್ಯಾಗ ಇರೋಮಟ ನಾ ಬರಂಗಿಲ್ಲ.”

ಹೋದಳು. ನ್ಯಾಯ ಮತ್ತು ನಾನು ಉಳಿದೆವು. ನ್ಯಾಯಕ್ಕೆ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬುದು ಅವತ್ತು ರಾತ್ರಿಯೇ ಗೊತ್ತಾಯಿತು.

ಸಂಡೂರಿಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ಕಂಪನಿಗೆ ಕರೆ ಮಾಡಿದೆ. ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, “ನಮ್ಮ ಮ್ಯಾಪ್ ಪ್ರಕಾರ ನಿಮ್ಮ ಮನೆಯಲ್ಲಿ ಅತ್ಯುತ್ತಮ ಸಿಗ್ನಲ್ ಇದೆ ಸರ್” ಎಂದಳು.

“ಹಂಗಾದ್ರ ನಿಮ್ಮ ಮ್ಯಾಪಿನ್ಯಾಗ ಹೋಗಿ ಇರ್ಲೇನವ್ವ?”

“ಅವಧಿಗೆ ಮೊದಲೇ ಕರಾರು ಮುಗಿಸಬೇಕೆಂದರೆ ಗ್ರಾಹಕರು ಮರಣ ಹೊಂದಿರಬೇಕು ಸರ್. ಬೇರೆ ಏನಾದರೂ ಸಹಾಯ ಬೇಕಾಗಿತ್ತಾ?”

ಬೇಡವಾಗಿತ್ತು. ಬೇಕಾದದ್ದನ್ನು ಅವಳೇ ಹೇಳಿಬಿಟ್ಟಿದ್ದಳು.

ನಮ್ಮ ಕಡೆ ಮನುಷ್ಯ ಸತ್ತದ್ದಕ್ಕೆ ಸರ್ಟಿಫಿಕೇಟ್ ಬರುವುದು ನಿಧಾನ. ಅದಕ್ಕೂ ಮೊದಲು ಬರುವುದು ಫ್ಲೆಕ್ಸು. ಹೆಣ ಇನ್ನೂ ಮನೆಯಲ್ಲಿರುವಾಗಲೇ ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ಸರ್ಕಲ್ಲಿನಲ್ಲಿ ಏರಿಬಿಟ್ಟಿರುತ್ತದೆ, ಅದನ್ನು ನೋಡಿದ ಮೇಲೆ ಯಾರೂ ಬೇರೆ ಪುರಾವೆ ಕೇಳುವುದಿಲ್ಲ. ಶನಿವಾರ ಹೊಸಪೇಟೆಗೆ ಹೋಗಿ ನನ್ನ ಮದುವೆಯ ಫೋಟೋ ಕೊಟ್ಟು ಒಂದು ಚಿಕ್ಕ ಫ್ಲೆಕ್ಸು ಮಾಡಿಸಿದೆ. ‘ಶ್ರೀ ಮೈಲಾರಲಿಂಗಪ್ಪನವರು ನಮ್ಮನ್ನಗಲಿದ್ದಾರೆ.’ ಎರಡೂ ಕಡೆ ದೀಪ, ಮೇಲೆ ಪಾರಿವಾಳ. ನಿಂತಲ್ಲೇ ಎರಡು ಸಲ ಓದಿಕೊಂಡೆ. ಇಷ್ಟು ಗೌರವದಿಂದ ನನ್ನ ಬಗ್ಗೆ ಯಾರೂ ಬರೆದಿರಲಿಲ್ಲ.

ಸತ್ತವನೇ ಹೋಗಿ ತಾನು ಸತ್ತೆ ಎನ್ನಲಾಗುವುದಿಲ್ಲವಲ್ಲ. ಆದ್ದರಿಂದ ನಾನು ನನ್ನ ತಮ್ಮನಾದೆ. ಅಣ್ಣ ಸತ್ತ ತಮ್ಮನಿಗೆ ಮೀಸೆ ಇರಬಾರದು. ಹದಿನೆಂಟನೇ ವಯಸ್ಸಿನಿಂದ ಸಾಕಿದ ಮೀಸೆಯನ್ನು ಕ್ಷೌರದಂಗಡಿಯಲ್ಲಿ ಅರ್ಪಿಸಿ, ಫೋನ್ ಕಂಪನಿಯ ಅಂಗಡಿಗೆ ಹೋಗಿ ಫ್ಲೆಕ್ಸು ಬಿಚ್ಚಿ ನಿಂತೆ.

ಅಲ್ಲಿಯ ಮ್ಯಾನೇಜರ್ ಪಂಪೇಶ್ ಎದ್ದೇ ನಿಂತ. ಫ್ಲೆಕ್ಸು ನೋಡಿದ, ನನ್ನ ಬೋಳು ತುಟಿ ನೋಡಿದ. “ಥೇಟ್ ನಿಮ್ಮಂಗ ಅದಾರಲ್ರಿ! ಏನಾಗಿತ್ರಿ ಪಾಪ?”

“ಸಿಗ್ನಲ್ ಇರ್ಲಿಲ್ರಿ” ಎಂದೆ. ಬಾಯಿ ತಪ್ಪಿ ಬಂತು, ಆದರೆ ಅವನಿಗೆ ಅರ್ಥವೇ ಬೇರೆಯಾಯಿತು.

“ಆಂಬುಲೆನ್ಸಿಗೆ ಫೋನ್ ಹತ್ತಲಿಲ್ಲೇನು? ಛೇ! ನೀವು ಮನಿಗೆ ಹೋಗ್ರಿ. ಜೋಡಿ ಪ್ಲಾನ್ ಎರಡೂ ಈಗಿಂದೀಗ ಬಂದ್ ಮಾಡ್ತೀನಿ. ಸರ್ಟಿಫಿಕೇಟ್ ಆಮ್ಯಾಲ ತಂದ್ಕೊಡ್ರಿ.”

ಅಲ್ಲೇ ನನ್ನ ಜೇಬಿನಲ್ಲಿ ಫೋನು ಸತ್ತಿತು. ನಾನು ಗೆದ್ದೆ. ಹೊರಗೆ ಬಂದು ಎರಡು ಪ್ಲೇಟು ಮಿರ್ಚಿ ತಿಂದೆ, ಮಧ್ಯಾಹ್ನವೆಲ್ಲ ಪೇಟೆ ಸುತ್ತಿ ಅತ್ತೆಗೆ ಮೋಸಂಬಿ ಕೊಂಡೆ. ತುಳಸಿಯನ್ನು ಸಂಜೆಯೇ ಮನೆಗೆ ಕರೆದುಕೊಂಡು ಹೋಗುವುದೆಂದು ಮಲಪನಗುಡಿಯ ಆಟೋ ಹತ್ತಿದೆ.

ಊರಲ್ಲಿ ಇಳಿದು ನೋಡುತ್ತೇನೆ, ಅತ್ತೆಯ ಮನೆ ಮುಂದೆ ಜನವೋ ಜನ. ಒಳಗಿನಿಂದ ಹೆಂಗಸರು ಹಾಡಿಕೊಂಡು ಅಳುವ ದನಿ. ಭೀಮವ್ವ ಹೋಗಿಬಿಟ್ಟಳು! ಪ್ರಾಣ ಹೋಗುವ ಹೊತ್ತಿನಲ್ಲಿ ನಾನು ಮಿರ್ಚಿ ತಿನ್ನುತ್ತಿದ್ದೆ. ಅಳಿಯ ಬರಿಗೈಯಲ್ಲಿ ಹೋಗುವಂತಿಲ್ಲ, ಮೂಲೆಯ ಹೂವಿನಾಕೆಯ ಹತ್ತಿರ ದೊಡ್ಡ ಹಾರ ಕೇಳಿದೆ. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತ, ಹಾರವನ್ನು ದೂರದಿಂದಲೇ ನೀಡಿ, ದುಡ್ಡು ತೆಗೆದುಕೊಳ್ಳದೆ ಒಳಗೆ ಓಡಿಹೋದಳು. ಅಳಿಯನ ಮೇಲೆ ಊರಿಗೆ ಎಷ್ಟು ಮರುಕ ಎಂದುಕೊಂಡೆ.

ಹೊಸ್ತಿಲಲ್ಲೇ ಶುರುಮಾಡಿದೆ. “ಅತ್ತೀ! ಹೋದ್ಯಾ! ನನ್ನ ಬಿಟ್ಟು ಹೋದ್ಯಲ್ಲಬೇ ಅತ್ತೀ!”

ಒಳಗಿನ ಅಳು ಟಪ್ಪನೆ ನಿಂತಿತು. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ ಭೀಮವ್ವ ಏದುಸಿರಿನಲ್ಲಿ, “ನಾ ಎಲ್ಲಿ ಹೋಗ್ಲೋ ಯಪ್ಪಾ? ನೀನಲ್ಲೇನು ಹೋಗಿದ್ದು?” ಎಂದಳು.

ಯಾರೋ ಚೀರಿದರು. ತುಳಸಿಯ ಸೋದರತ್ತೆ ಉಚ್ಚೆಂಗಮ್ಮ ವಿಭೂತಿ ತಟ್ಟೆಯನ್ನೇ ನನ್ನ ಮುಖಕ್ಕೆ ಎಸೆದಳು. ನಾನು ಸೀನಿದೆ. ದೆವ್ವ ಸೀನುವುದಿಲ್ಲವೆಂದು ಗೊತ್ತಿದ್ದ ಹುಲುಗೇಶ್ ಮಾತ್ರ ಧೈರ್ಯ ಮಾಡಿ ಹತ್ತಿರ ಬಂದು ನನ್ನ ತೋಳು ಚಿವುಟಿದ.

“ಮಾಮಾ, ಬದುಕೀರೇನು? ಅಂಗಡಿಯಾರು ಫೋನ್ ಮಾಡಿ, ನಿಮ್ಮ ಮಾಮಾ ತೀರ್ಕೊಂಡ್ರಂತ, ದೇವ್ರು ಧೈರ್ಯ ಕೊಡ್ಲಿ ಅಂದ್ರು. ನಿಮಗ ಹಚ್ಚಿದ್ರ ಬಂದ್. ಅಕ್ಕನ ಫೋನೂ ಬಂದ್. ಯಶವಂತನಗರಕ್ಕ ಗಾಡಿ ತಗೊಂಡು ನಾಕ್ ಮಂದಿ ಹೋಗ್ಯಾರ, ನಿಮ್ಮನ್ನ ತರಾಕ!”

ಅರ್ಜಿ ತುಂಬುವಾಗ ಬದಲಿ ನಂಬರೆಂದು ಅವನದನ್ನೇ ಕೊಟ್ಟಿದ್ದೆನಂತೆ. ಸಂತಾಪ ಹೇಳಲು ಪಂಪೇಶ್ ಅದಕ್ಕೇ ಮಾಡಿದ್ದ. ಇಂಥ ಸಂಸ್ಕಾರವಂತ ಮ್ಯಾನೇಜರು ನನ್ನ ಪಾಲಿಗೇ ಬರಬೇಕೇ?

ತುಳಸಿ ಮೂಲೆಯಲ್ಲಿದ್ದಳು. ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಮೊಣಕಾಲು ಒತ್ತಿ ಹಿಡಿದು ಕೂತಿದ್ದಳು.

“ಮಧ್ಯಾಹ್ನದಿಂದ ಹಿಂಗ ಕುಂತಾಳ. ಬಳಿ ಮುಟ್ಟಾಕ ಬಿಡಂಗಿಲ್ಲ. ಮುಖ ನೋಡೋಮಟ ನಂಬಂಗಿಲ್ಲ ಅಂತಾಳ” ಎಂದು ಉಚ್ಚೆಂಗಮ್ಮ ದೂರು ಹೇಳಿದಳು, ತಪ್ಪು ಅವಳದೇ ಎನ್ನುವ ಹಾಗೆ.

ತುಳಸಿ ಎದ್ದು ಬಂದಳು. ಕೈ ಹೊರಗೆ ತೆಗೆದಳು, ಬಳೆಗಳೆಲ್ಲ ಇದ್ದವು. ನನ್ನ ಮುಖದ ಮೇಲಿನ ವಿಭೂತಿ ಒರೆಸಿ, ಮೂಗಿನ ಕೆಳಗೆ ಬೆರಳಿಟ್ಟಳು.

“ಮೀಸಿ ಎಲ್ಲಿ?”

“ತೆಗಿಸಿದೆ.”

“ಯಾರ್ ಸತ್ತಿದ್ರು?”

“ನಾನು.”

ಆಮೇಲೆ ಆ ಹಾರದಿಂದಲೇ ಬಡಿದಳು. ಸೇವಂತಿಗೆ ಉದುರಿ ಬರಿ ದಾರ ಉಳಿಯುವ ತನಕ ಬಡಿದಳು. ಯಾರೂ ಬಿಡಿಸಲಿಲ್ಲ. ಅತ್ತೆ ಉಬ್ಬಸದ ನಡುವೆಯೂ ಎಣಿಸುತ್ತಿದ್ದಂತೆ ಕಂಡಿತು.

ಹುಲುಗೇಶನ ಫೋನು ಬಡಿದುಕೊಂಡಿತು. ಪಂಪೇಶನದೇ. ಮೇಲಿನವರು ಒಪ್ಪುತ್ತಿಲ್ಲವಂತೆ, ಕರಾರು ಪೂರ್ತಿ ಮುಗಿಯಬೇಕೆಂದರೆ ಹೆಂಡತಿಯ ಬಾಯಿಂದ ಒಂದು ಮಾತು ಬೇಕಂತೆ. ಹುಲುಗೇಶ್ ಸ್ಪೀಕರ್ ಹಾಕಿ ಫೋನನ್ನು ತುಳಸಿಯ ಕೈಗಿಟ್ಟ.

“ಅಮ್ಮಾ, ಇಂಥಾ ಹೊತ್ತಿನ್ಯಾಗ ಕೇಳಬಾರ್ದು. ನಿಮ್ಮ ಯಜಮಾನ್ರು ತೀರ್ಕೊಂಡಿದ್ದು ಖರೇನ ಅಂತ ಒಂದ್ಸಲ ಅಂದ್ಬಿಡ್ರಿ. ರಿಕಾರ್ಡ್ ಆಕ್ಕೈತಿ.”

ನಾನು ಎರಡೂ ಕೈ ಮುಗಿದೆ. ಹೂಂ ಅನ್ನು, ಹೂಂ ಅನ್ನು ಎಂದು ಕಣ್ಣಲ್ಲೇ ಬೇಡಿದೆ. ಒಂದು ‘ಹೂಂ’ ಎಂದರೆ ಸಾಕು, ಫೋನಿನ ಪೀಡೆ ತೊಲಗಿ ಅವಳು ನನ್ನ ಜೊತೆ ಮನೆಗೆ ಬರಬಹುದಿತ್ತು. ತುಳಸಿ ನನ್ನ ಮುಗಿದ ಕೈಗಳನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು.

“ಇಲ್ರೀ. ನನ್ನ ಗಂಡ ಸತ್ತಿಲ್ಲ. ನನ್ನ ಮುಂದ ಕೈ ಮುಗಿದು ನಿಂತಾನ.”

“ಏನ್ ಮಾಡಿದ್ಯಲೇ!” ಎಂದು ಹಣೆ ಹಣೆ ಬಡಿದುಕೊಂಡೆ.

“ನಿಮ್ಮ ನ್ಯಾಯಕ್ಕ ಅಂತ ಇಂಥಾ ಮಾತು ನನ್ನ ಬಾಯಾಗ ಬರಬೇಕೇನು? ಇಡೀ ಮಧ್ಯಾಹ್ನ ಇವ್ರೆಲ್ಲಾ ಅಂದ್ರೂ ನಾ ಅಂದಿಲ್ಲ. ಈಗ ಅಂತೀನಾ?”

ಕರಾರು ಜೀವಂತವಾಯಿತು. ತುಳಸಿ ಬರಲಿಲ್ಲ. ನಾನೊಬ್ಬನೇ ಮೋಸಂಬಿ ಅಲ್ಲಿಟ್ಟು ಮರಳಿದೆ. ಸೋಮವಾರ ನ್ಯಾಯ ಗೀಯ ಎಲ್ಲ ಬದಿಗಿಟ್ಟು, ಪಕ್ಕದ ಮನೆಯವರ ಕಂಪನಿಯ ಸಿಮ್ ಕೇಳಲು ಸಂಡೂರಿಗೆ ಹೋದೆ. ಹೆಬ್ಬೆಟ್ಟು ಒತ್ತಿಸಿಕೊಂಡವನು ಕಂಪ್ಯೂಟರ್ ನೋಡಿ, ನನ್ನನ್ನು ನೋಡಿ, “ನಿಮ್ಮ ಹೆಸರಿನ ಮುಂದ ಮೃತ ಅಂತ ಬರ್ತೈತ್ರಿ” ಎಂದ. ಪಂಪೇಶ್ ಬರೆದದ್ದು ಎಲ್ಲ ಕಂಪನಿಗಳಿಗೂ ಹೋಗಿತ್ತಂತೆ. ಹಳೆಯ ಕರಾರಿಗೆ ಬದುಕಿದ್ದೇನೆ, ಹೊಸ ಸಿಮ್ಮಿಗೆ ಸತ್ತಿದ್ದೇನೆ. ಸರಿಹೋಗಲು ತಿಂಗಳುಗಳು ಬೇಕಂತೆ.

ಹೀಗಾಗಿ ದಿನಾ ಸಂಜೆ ಗಣಿಯ ಬಸ್ಸಿನಲ್ಲಿ ಸಂಡೂರಿಗೆ ಹೋಗಿ ತುಳಸಿಗೆ ಕರೆ ಮಾಡುತ್ತೇನೆ. “ಬದುಕೀನಿ” ಎನ್ನುತ್ತೇನೆ. “ಹೂಂ” ಎಂದು ಇಟ್ಟುಬಿಡುತ್ತಾಳೆ. ಆ ಕರೆ ಬರುವ ತನಕ ಅವಳು ಊಟಕ್ಕೆ ಕೂರುವುದಿಲ್ಲವೆಂದು ಹುಲುಗೇಶ್ ಗುಟ್ಟಾಗಿ ಹೇಳಿದ.

ನಿನ್ನೆ ಬಸ್ಸು ಕೆಟ್ಟಿತು, ಹೋಗಲಾಗಲಿಲ್ಲ. ಇವತ್ತು ಬೆಳಿಗ್ಗೆ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದೆ. ಮೊದಲ ಬಸ್ಸಿನಿಂದ ತುಳಸಿ ಇಳಿದು ಬಂದಳು. ಚೀಲ ಇರಲಿಲ್ಲ, ತಲೆ ಬಾಚಿರಲಿಲ್ಲ. ಎದುರಿಗೆ ನಿಂತು ನನ್ನ ಮುಖವನ್ನು ಸುಮ್ಮನೆ ನೋಡಿದಳು.

“ಅದೀರಲ್ಲ, ಸಾಕು” ಎಂದಳು.

ಚಹಾ ಕುಡಿದು ಹೋಗು ಎನ್ನಬೇಕೆಂದರೆ ಬಾಯಿ ತುಂಬ ನೊರೆ. ನಾನು ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಅದೇ ಬಸ್ಸು ತಿರುಗಿ ನಿಂತಿತ್ತು, ತುಳಸಿ ಕಿಟಕಿಯ ಪಕ್ಕ ಕೂತಾಗಿತ್ತು.