ಸಾಲಿನ ತುದಿಯ ಅ

“ಪ್ರತಿ ಸಾಲಿನ ಕೊನೆಗೂ ಎಂಟರ್ ಹೊಡೆದಿದ್ದೀರಲ್ಲ, ಇದೇನು ಗೋಡೆಗೆ ಮೊಳೆ ಹೊಡೆಯೋ ಕೆಲಸ ಅಂದ್ಕೊಂಡ್ರಾ?” ಎಂದ ಟೈಪಿಸ್ಟ್, ಕಂಪ್ಯೂಟರಿನಿಂದ ತಲೆಯೆತ್ತಿ.

“ನೀನು ತೊಟ್ಟಿಲಲ್ಲಿದ್ದಾಗ್ಲೇ ನಾನು ಟೈಪ್‌ರೈಟರ್ ಕುಟ್ತಿದ್ದೆ ಕಣೋ. ಗಂಟೆ ಹೊಡೀತು ಅಂದ್ರೆ ಸಾಲು ಮುಗೀತು. ಪದ ಅರ್ಧಕ್ಕೆ ನಿಂತ್ರೆ ಉಳಿದದ್ದು ಕೆಳಗೆ. ಮುಚ್ಕೊಂಡು ಸರಿಮಾಡು.”

ಹೆಡ್ ಕ್ಲರ್ಕ್ ಎದ್ದು ತಮ್ಮ ಮೇಜಿಗೆ ಹೋದರು. ಟೈಪಿಸ್ಟ್ ಹಲ್ಲು ಕಡಿದ. ಸಂಜೆ ಸಾಹೇಬರು ನಿವೃತ್ತಿಯಾಗುತ್ತಿದ್ದರು. ಹೆಡ್ ಕ್ಲರ್ಕ್ ಬರೆದು ತಾವೇ ಟೈಪ್ ಮಾಡಿದ ಹೊಗಳಿಕೆಯ ಬಿನ್ನವತ್ತಳೆಗೆ ಚೌಕಟ್ಟು ಹಾಕಿಸಿ ಕೊಡಬೇಕು. ಚೌಕಟ್ಟಿಗೆಂದು ಅಕ್ಷರ ದೊಡ್ಡದು ಮಾಡಿದ್ದೇ ತಡ, ಒಂದು ಉದ್ದ ಸಾಲು, ಅದರಡಿ ಒಂದು ತುಂಡು ಸಾಲು. ಪುಟವೆಲ್ಲ ಹಲ್ಲುದುರಿದ ಬಾಯಿಯಂತಾಗಿತ್ತು.

ಟೈಪಿಸ್ಟ್ ವರ್ಷಗಟ್ಟಲೆಯಿಂದ ಹಂಗಾಮಿ. “ಸಮಾರಂಭ ಮುಗೀಲಿ, ನಿನ್ನ ಕಾಯಂ ಆದೇಶಕ್ಕೆ ಸಹಿ ಹಾಕಿಯೇ ಹೋಗ್ತೀನಿ” ಎಂದು ಸಾಹೇಬರು ಮಾತು ಕೊಟ್ಟಿದ್ದರು. ಅವನ ಹೆಂಡತಿ ಆಗಲೇ ನಾದಿನಿಯ ಮುಂದೆ ಜಂಬ ಕೊಚ್ಚಿಯೂ ಆಗಿತ್ತು.

“ಒಂದೊಂದೇ ಅಳಿಸ್ತಾ ಕೂತ್ರೆ ಕೂದಲು ನೆರೆಯುತ್ತೆ. ಎಲ್ಲಾ ಎಂಟರನ್ನೂ ಒಂದೇ ಏಟಿಗೆ ತೆಗಿ” ಎಂದಳು ಕ್ಯಾಷಿಯರಮ್ಮ. ಕರೆಯದೆ ಬರುವುದು ಅವಳ ಗುಣ.

ತೆಗೆದ. “ಬಂದಮೇಲೆಕಚೇರಿ”, “ಕಂಡರೆಎಲ್ಲರಿಗೂ” ಎಂದು ಪದಗಳು ಬಸ್ಸಿನ ಬಾಗಿಲಿಗೆ ಜೋತುಬಿದ್ದವರಂತೆ ಒಂದಕ್ಕೊಂದು ಅಂಟಿಕೊಂಡವು.

“ಅಯ್ಯೋ ಪೆದ್ದ, ಎಂಟರ್ ತೆಗೆದ ಕಡೆ ಖಾಲಿ ಜಾಗ ಬಿಡ್ಬೇಕು.”

ಬಿಟ್ಟ. ಅಂಟಿದ್ದವು ಬೇರೆಯಾದವು. ಆದರೆ ಹೆಡ್ ಕ್ಲರ್ಕ್ ಅರ್ಧಕ್ಕೆ ಕಡಿದಿದ್ದ ಪದಗಳು “ಪ್ರಾಮಾ ಣಿಕ”, “ದಕ್ಷ ತೆ” ಎಂದು ಹೋಳಾಗಿಯೇ ಉಳಿದವು. ಊಟ ಬಿಟ್ಟು ಅವನ್ನು ಒಂದೊಂದಾಗಿ ಹೊಲಿದ. ಚೌಕಟ್ಟಿನವನು ಬಾಗಿಲಲ್ಲಿ ನಿಂತು ಗೊಣಗತೊಡಗಿದ.

ಕ್ಯಾಷಿಯರಮ್ಮ ಹೆಗಲ ಮೇಲಿಂದ ಇಣುಕಿದಳು. “ಕೊನೇಲಿ ಇದ್ಯಾವುದೋ ಒಂಟಿ ಅ. ದೀರ್ಘ ಮರೆತಿದಾರೆ. ಆ ಅಂತ ಮಾಡೋ, ಶಾಲೆಗೆ ಹೋಗಿದ್ಯೋ ಇಲ್ವೋ?”

ದೀರ್ಘ ಕೊಟ್ಟ. ಮುದ್ರಿಸಿದ. ಉಸಿರೂ ಬಿಟ್ಟ.

ಸಂಜೆ ಹೆಡ್ ಕ್ಲರ್ಕ್ ಗಂಟಲು ಸರಿಮಾಡಿಕೊಂಡು ಓದಿದರು. ಸಾಹೇಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

“ಮುಂದೆ ಈ ಕುರ್ಚಿಯಲ್ಲಿ ಯಾರೇ ಕೂತರೂ ನಮಗೆ ನೆನಪಾಗುವುದು ಆ ಸಾಧಾರಣ ವ್ಯಕ್ತಿಯೇ.”

ಅಸಾಧಾರಣ ಎಂಬ ಪದವನ್ನು ಸಾಲಿನ ತುದಿಯಲ್ಲಿ ಮುರಿದವರು ತಾವೇ ಎಂದು ಹೆಡ್ ಕ್ಲರ್ಕಿಗೆ ಹೊಳೆಯುವಷ್ಟರಲ್ಲಿ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ. ಅಷ್ಟು ಮನಸಾರೆ ಚಪ್ಪಾಳೆ ಆ ಕಚೇರಿಯಲ್ಲಿ ಎಂದೂ ಬಿದ್ದಿರಲಿಲ್ಲ.

“ಇದನ್ನ ಮಾಡಿದ್ದು ಯಾರು?” ಸಾಹೇಬರು ಕಣ್ಣು ತೆರೆದರು.

“ಇವನೇ ಸಾರ್” ಎಂದರು ಹೆಡ್ ಕ್ಲರ್ಕ್. ಕ್ಯಾಷಿಯರಮ್ಮ ಚಾವಣಿ ನೋಡಿದಳು.

ಸಾಹೇಬರು ಸಹಿಗೆಂದು ತೆರೆದಿಟ್ಟಿದ್ದ ಪೆನ್ನಿಗೆ ಟೋಪಿ ಹಾಕಿದರು. ಟೈಪಿಸ್ಟನಿಗೂ ಅದರ ಜೊತೆಗೇ ಬಿತ್ತು. ಅವನು “ಸಾರ್, ಅದು ಬರೀ ಒಂದು ಎಂಟರ್ ಸಾರ್” ಎನ್ನುತ್ತ ಹಿಂದೆ ಓಡಿದ. ಸಾಹೇಬರು ಮೆಟ್ಟಿಲಿಳಿದು ಹೋದರು. ನಿವೃತ್ತಿಯಾದವರು, ಮತ್ತೆ ಬರಬೇಕಾದ ಕೆಲಸವೂ ಇರಲಿಲ್ಲ, ಬರಲೂ ಇಲ್ಲ.